ಎಲ್ಲರೂ ಎಲ್ಲರನ್ನೂ ಬಲ್ಲ ಧರ್ಮಕೇಂದ್ರ

ಸಂಸ್ಕಾರಗಳಿಗೆ ಅಂಕ ಕೊಡಲು ಬರುವುದಿಲ್ಲ. ಜ್ಞಾನಸ್ನಾನವು (ಬ್ಯಾಪ್ಟಿಸಂ) ಧರ್ಮಾಧ್ಯಕ್ಷರ (ಬಿಷಪ್) ಪ್ರಧಾನಾಲಯದಲ್ಲಿ ನಡೆದರೂ ಹತ್ತು ಸಾಲು ಬೆಂಚುಗಳಿರುವ ಪುಟ್ಟ ದೇವಾಲಯದಲ್ಲಿ ನಡೆದರೂ ಅದೇ ಜ್ಞಾನಸ್ನಾನ. ನೆರವೇರಿಸುವ ಗುರುಗಳ ವಾಕ್ಚಾತುರ್ಯವಾಗಲಿ ಸ್ವಂತ ಪಾವಿತ್ರ್ಯವಾಗಲಿ ಅದರ ಸತ್ವವನ್ನು ಹೆಚ್ಚಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ ಎಂಬುದು ಕಥೋಲಿಕ ಧರ್ಮಸಭೆಯ ಬೋಧನೆ. ಆದರೆ ಆ ಸಂಸ್ಕಾರವನ್ನು ಜನರ ಬಳಿಗೆ ತಲುಪಿಸುವ ಏರ್ಪಾಡು ಮನುಷ್ಯರದು. ಕಚೇರಿ ಯಾವಾಗ ತೆರೆದಿರುತ್ತದೆ, ಸಿದ್ಧತೆಯನ್ನು ಯಾರು ಕೊಡುತ್ತಾರೆ, ದಾಖಲೆಗಳನ್ನು ಸರಿಯಾಗಿ ಬರೆದಿಡುತ್ತಾರೆಯೇ, ಹಾಸಿಗೆ ಹಿಡಿದವರ ನೆನಪು ಯಾರಿಗಿರುತ್ತದೆ, ಕೈಯಲ್ಲಿ ಕಾಸಿಲ್ಲದವರು ಸಂಕೋಚವಿಲ್ಲದೆ ಬಾಗಿಲು ತಟ್ಟಬಹುದೇ ಎಂಬ ಪ್ರಶ್ನೆಗಳನ್ನು ಬೇರೆ ಯಾವುದೇ ಸೇವೆಯ ವಿಷಯದಲ್ಲಿ ಕೇಳುವಂತೆ ಇಲ್ಲಿಯೂ ಕೇಳಬಹುದು, ಕೇಳಬೇಕು.

ದೊಡ್ಡ ಧರ್ಮಕೇಂದ್ರವೊಂದರಲ್ಲಿ (ಪ್ಯಾರಿಷ್) ಬಹುಕಾಲ ಇದ್ದು, ಈಗ ಕೆಲವು ವರ್ಷಗಳಿಂದ ಸಣ್ಣದೊಂದರ ಸದಸ್ಯನಾಗಿರುವ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಧರ್ಮಕೇಂದ್ರದ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಬರೆದವನು ಯಾರೆಂಬುದು ಮುಂದಿನ ಭಾನುವಾರದ ಬಲಿಪೂಜೆ (ಮಾಸ್) ಮುಗಿಯುವ ಮೊದಲೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಸಣ್ಣ ಧರ್ಮಕೇಂದ್ರದ ಬಲ ಮತ್ತು ದೌರ್ಬಲ್ಯ ಎರಡೂ ಇರುವುದು ಇದರಲ್ಲಿಯೇ. ಇಲ್ಲಿನ ಸೇವೆ ನಡೆಯುವುದು ಪರಿಚಯದ ಮೇಲೆ. ಪರಿಚಯವು ಉಪಕಾರಕ್ಕೆ ಬರುವ ಕಡೆಗಳಲ್ಲಿ, ಅಂದರೆ ಮಗು ಹುಟ್ಟಿದಾಗ, ಕಾಯಿಲೆ ಬಿದ್ದಾಗ, ಸಾವು ಸಂಭವಿಸಿದಾಗ, ಈ ಧರ್ಮಕೇಂದ್ರವು ನಾನು ಮೊದಲಿದ್ದ ದೊಡ್ಡ ಧರ್ಮಕೇಂದ್ರಕ್ಕಿಂತ ಬಹಳ ಮೇಲು. ಯಾರಿಗೂ ತಿಳಿಯದಂತೆ ಗುರುಗಳನ್ನು ಕಾಣಬೇಕೆಂದು ಮನುಷ್ಯನಿಗೆ ಅನ್ನಿಸುವ ಕಡೆಗಳಲ್ಲಿ, ಅಂದರೆ ಪಾಪನಿವೇದನೆಯಲ್ಲಿ, ಮುರಿದ ದಾಂಪತ್ಯದ ವಿಷಯದಲ್ಲಿ, ಹಣದ ತೊಂದರೆಯಲ್ಲಿ, ಇದು ಎಡವುತ್ತದೆ.

ಮೊದಲು ಸ್ಥೂಲವಾದ ಚಿತ್ರಣ. ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ಧರ್ಮಕೇಂದ್ರವೆಂದರೆ ಕಟ್ಟಡವಲ್ಲ. ಧರ್ಮಾಧ್ಯಕ್ಷರ ಅಧಿಕಾರದಡಿಯಲ್ಲಿ ಒಬ್ಬ ಗುರುಗಳ ಪಾಲನೆಗೆ ಒಪ್ಪಿಸಲಾದ ವಿಶ್ವಾಸಿಗಳ ಸ್ಥಿರ ಸಮುದಾಯ. ನಮ್ಮಲ್ಲಿ ಆ ಒಬ್ಬ ಗುರುಗಳು ಇನ್ನೊಂದು ದೇವಾಲಯದ ಹೊಣೆಯನ್ನೂ ಹೊತ್ತಿದ್ದಾರೆ. ಸಹಾಯಕ ಗುರುಗಳಿಲ್ಲ, ಸಂಬಳದ ಗುಮಾಸ್ತರಿಲ್ಲ. ವಾರದಲ್ಲಿ ಎರಡು ಸಂಜೆ ತೆರೆಯುವ ಕಚೇರಿಯಲ್ಲಿ ನಿವೃತ್ತರಾದ ಹಿರಿಯರೊಬ್ಬರು ಸ್ವಯಂಸೇವೆಯಿಂದ ಕುಳಿತಿರುತ್ತಾರೆ. ಉಪದೇಶ ತರಗತಿಗಳನ್ನು ನಡೆಸುವ ಮಹಿಳೆಯೇ ಗಾಯನ ವೃಂದದ ಮುಖ್ಯಸ್ಥೆ. ದೇವಾಲಯದ ಬೀಗದ ಕೈ ಇರುವುದೂ ಅವರ ಮನೆಯಲ್ಲಿಯೇ. ಈ ಮೂವರಲ್ಲಿ ಒಬ್ಬರು ಊರಿನಲ್ಲಿಲ್ಲವೆಂದರೆ ಒಂದಲ್ಲ ಒಂದು ಕೆಲಸ ನಿಲ್ಲುತ್ತದೆ.

ಜ್ಞಾನಸ್ನಾನದ ವಿಷಯದಲ್ಲಿ ಎರಡು ಧರ್ಮಕೇಂದ್ರಗಳ ಅಂತರ ಮೊದಲ ಭೇಟಿಯಲ್ಲೇ ಕಾಣುತ್ತದೆ. ಹಿಂದೆ ನಾನಿದ್ದಲ್ಲಿ ಅರ್ಜಿ ತುಂಬಿ ಕೊಟ್ಟರೆ ತಿಂಗಳ ನಿಗದಿತ ಭಾನುವಾರದ ಮಧ್ಯಾಹ್ನಕ್ಕೆ ದಿನಾಂಕ ಸಿಗುತ್ತಿತ್ತು. ಅಂದು ಏಳೆಂಟು ಕುಟುಂಬಗಳು ಒಟ್ಟಿಗೆ ಸೇರಿ, ಪರಸ್ಪರ ಪರಿಚಯವಿಲ್ಲದೆ ಬಂದು ಹಾಗೆಯೇ ಹೋಗುತ್ತಿದ್ದವು. ಇಲ್ಲಿ ಉಪದೇಶಕಿ ಮನೆಗೇ ಬರುತ್ತಾರೆ. ಹೆತ್ತವರಿಬ್ಬರೊಂದಿಗೂ ಕುಳಿತು, ಮಗುವಿನ ಪರವಾಗಿ ಅವರು ಕೊಡಲಿರುವ ಉತ್ತರಗಳನ್ನು ಒಂದೊಂದಾಗಿ ಓದಿಸಿ, ಅವುಗಳ ಅರ್ಥವನ್ನು ಅವರ ಬಾಯಿಂದಲೇ ಹೇಳಿಸುತ್ತಾರೆ. ಮಗುವನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸುವರೆಂಬ ಆಧಾರವುಳ್ಳ ಭರವಸೆ ಇರಬೇಕು ಎಂದು ಕಾನೂನು ಕೇಳುತ್ತದೆ. ಆ ಭರವಸೆಯನ್ನು ಅರ್ಜಿಯ ಚೌಕದಲ್ಲಿ ಗುರುತು ಹಾಕಿಸಿ ಪಡೆಯುವುದಕ್ಕೂ ಎದುರಿಗೆ ಕುಳಿತು ಮಾತನಾಡಿ ಪಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ದೇವಾಲಯದಲ್ಲಿ ಮದುವೆಯಾಗದ ದಂಪತಿಗಳು ಮಗುವನ್ನು ಕರೆತಂದ ಸಂದರ್ಭವನ್ನು ನಾನು ಬಲ್ಲೆ. ಹೆತ್ತವರ ಮದುವೆಯ ಸ್ಥಿತಿಯೊಂದೇ ಮಗುವಿಗೆ ಜ್ಞಾನಸ್ನಾನ ನಿರಾಕರಿಸಲು ಕಾರಣವಾಗಲಾರದು ಎಂಬುದನ್ನು ಅರಿತಿದ್ದ ಗುರುಗಳು ಒಂದೂ ಚುಚ್ಚುಮಾತಿಲ್ಲದೆ ದಿನ ಗೊತ್ತುಮಾಡಿದರು. ಆದರೆ ಆ ದಂಪತಿಗಳ ಬಗ್ಗೆ ಮಾತು ಬೆಂಚಿನಿಂದ ಬೆಂಚಿಗೆ ಹೋದದ್ದೂ ನಿಜ.

ಜ್ಞಾನಸ್ನಾನ ನಡೆಯುವುದು ಭಾನುವಾರದ ಬಲಿಪೂಜೆಯ ನಡುವೆ, ಎಲ್ಲರ ಮುಂದೆ. ಜಲಕುಂಡವನ್ನು ಬಾಗಿಲ ಬಳಿಯಿಂದ ಬಲಿಪೀಠದ ಪಕ್ಕಕ್ಕೆ ತಂದಿಡುತ್ತಾರೆ. ಮೂರು ಬಾರಿ ನೀರು ಸುರಿದ ಮೇಲೆ ನೆತ್ತಿಗೆ ಕ್ರಿಸ್ಮ ಎಂಬ ಪವಿತ್ರ ತೈಲದ ಲೇಪನ, ಬಿಳಿಯ ವಸ್ತ್ರ, ಈಸ್ಟರ್‌ನ ಪಾಸ್ಖ ದೀಪದಿಂದ ಹೊತ್ತಿಸಿದ ಮೇಣದಬತ್ತಿ. ಈ ಕ್ರಮ ಎಲ್ಲ ಕಡೆಯೂ ಒಂದೇ. ಆದರೆ ಇಲ್ಲಿ ಗುರುಗಳು ಮಗುವನ್ನು ಎತ್ತಿಕೊಂಡು ಮಧ್ಯದ ದಾರಿಯಲ್ಲಿ ಕೊನೆಯ ಬೆಂಚಿನವರೆಗೆ ನಡೆದುಹೋಗುತ್ತಾರೆ, ಪ್ರತಿಯೊಬ್ಬರೂ ಅದರ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ. ಆರಾಧನಾ ವಿಧಿಯಲ್ಲಿ ಇದನ್ನು ಆರಂಭದಲ್ಲಿ ಗುರುಗಳು, ಹೆತ್ತವರು ಮತ್ತು ಜ್ಞಾನ ತಂದೆತಾಯಿಯರು ಮಾಡುತ್ತಾರೆ. ಇಡೀ ಸಭೆ ಮಾಡಬೇಕೆಂದಿಲ್ಲ. ವಿಧಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರುವವರು ಹುಬ್ಬೇರಿಸಬಹುದು, ನಾನೂ ಮೊದಲ ಸಲ ಹುಬ್ಬೇರಿಸಿದ್ದೆ. ಮಕ್ಕಳು ಕಡಿಮೆ ಇರುವ ಧರ್ಮಕೇಂದ್ರದಲ್ಲಿ ಆ ಮಗು ಯಾರದೆಂದು ಎಲ್ಲರಿಗೂ ತಿಳಿಯಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ತೋಚುವುದಿಲ್ಲ.

ಜ್ಞಾನ ತಂದೆತಾಯಿಯರ ಆಯ್ಕೆಯಲ್ಲಿ ಮಾತ್ರ ಸಣ್ಣತನದ ಇಕ್ಕಟ್ಟು ಎದುರಾಗುತ್ತದೆ. ಒಬ್ಬರಿದ್ದರೂ ಸಾಕು, ಇಬ್ಬರಾದರೆ ಒಬ್ಬ ಗಂಡಸು, ಒಬ್ಬ ಹೆಂಗಸು. ಹದಿನಾರು ವರ್ಷ ತುಂಬಿರಬೇಕು, ದೃಢೀಕರಣ (ವಿಶ್ವಾಸವನ್ನು ಬಲಪಡಿಸುವ ಸಂಸ್ಕಾರ) ಮತ್ತು ಪರಮಪ್ರಸಾದ (ಬಲಿಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿ) ಪಡೆದ ಕಥೋಲಿಕರಾಗಿರಬೇಕು, ಆ ಹೊಣೆಗೆ ತಕ್ಕ ವಿಶ್ವಾಸದ ಬದುಕು ಅವರದಾಗಿರಬೇಕು. ಈ ಕೊನೆಯ ಷರತ್ತನ್ನು ದೊಡ್ಡ ಧರ್ಮಕೇಂದ್ರದಲ್ಲಿ ಯಾರೂ ಪರೀಕ್ಷಿಸಲಾರರು. ಇಲ್ಲಿ ಯಾರೂ ಪರೀಕ್ಷಿಸಬೇಕಾಗಿಲ್ಲ, ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಕುಟುಂಬದವರು ಬಯಸಿದ ವ್ಯಕ್ತಿಗೆ ಇಲ್ಲವೆನ್ನುವ ಸಂದರ್ಭ ಬಂದಾಗ ಅದು ಬಹಿರಂಗ ಅವಮಾನವಾಗಿ ಪರಿಣಮಿಸುತ್ತದೆ. ನಿಯಮವನ್ನು ಮೊದಲೇ ಬರೆದು ಹಂಚಿದ್ದರೆ ಅರ್ಧದಷ್ಟು ನೋವು ತಪ್ಪುತ್ತಿತ್ತು. ಹಂಚುವುದಿಲ್ಲ.

ಹೊರಗಿನವರಿಗೆ ಕ್ಷುಲ್ಲಕವೆನಿಸುವ, ಆದರೆ ನಾನು ಹೆಚ್ಚು ಅಂಕ ಕೊಡುವ ಸಂಗತಿ ಇಲ್ಲಿನ ದಾಖಲೆ ಪುಸ್ತಕ. ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ, ಮದುವೆ ಮತ್ತು ಮರಣದ ದಾಖಲೆಗಳನ್ನು ಇಡಲೇಬೇಕು. ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ಹೆತ್ತವರ ಮತ್ತು ಜ್ಞಾನ ತಂದೆತಾಯಿಯರ ಹೆಸರು, ಸ್ಥಳ, ದಿನಾಂಕಗಳ ಪಕ್ಕದಲ್ಲಿ ಅಗಲವಾದ ಖಾಲಿ ಅಂಕಣವೊಂದಿರುತ್ತದೆ. ಆ ವ್ಯಕ್ತಿ ಮುಂದೆ ಎಲ್ಲಿಯೇ ದೃಢೀಕರಣ ಪಡೆಯಲಿ, ಎಲ್ಲಿಯೇ ಮದುವೆಯಾಗಲಿ, ಗುರುದೀಕ್ಷೆ ಪಡೆಯಲಿ, ಸನ್ಯಾಸ ಸಭೆಯಲ್ಲಿ ಶಾಶ್ವತ ವ್ರತ ತೊಡಲಿ, ಅಲ್ಲಿಂದ ಸೂಚನೆ ಬಂದು ಈ ಅಂಕಣದಲ್ಲಿ ದಾಖಲಾಗಬೇಕು. ಮದುವೆಗೆ ಹೊರಟವರಿಂದ ಹಳೆಯ ಜ್ಞಾನಸ್ನಾನ ಪತ್ರದ ಬದಲು ಹೊಸದಾಗಿ ತೆಗೆದ ಪ್ರತಿಯನ್ನು ಕೇಳುವುದು ಇದಕ್ಕಾಗಿಯೇ: ಆ ಅಂಕಣದಲ್ಲಿ ಈಚೆಗೆ ಏನಾದರೂ ಸೇರಿದೆಯೇ ಎಂಬುದನ್ನು ನೋಡಲು. ನನ್ನ ಹಿಂದಿನ ಧರ್ಮಕೇಂದ್ರದಲ್ಲಿ ನನ್ನ ದೃಢೀಕರಣದ ಸೂಚನೆಯನ್ನು ಬರೆದೇ ಇರಲಿಲ್ಲ. ಅದನ್ನು ಸರಿಪಡಿಸಿಕೊಳ್ಳಲು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಇಲ್ಲಿಯ ಹಿರಿಯರು ಬಂದ ಸೂಚನೆಯನ್ನು ಅಂದೇ, ಕಪ್ಪು ಶಾಯಿಯಲ್ಲಿ, ಪತ್ರದ ದಿನಾಂಕದೊಂದಿಗೆ ಬರೆದು, ಕೆಳಗೆ ಸಣ್ಣ ಸಹಿ ಹಾಕಿ, ಆ ಪತ್ರವನ್ನು ಪ್ರತ್ಯೇಕ ಕಡತದಲ್ಲಿ ಇಡುತ್ತಾರೆ. ಅಳಿಸಿ ತಿದ್ದಿದ ಒಂದು ಸಾಲನ್ನೂ ನಾನು ಕಂಡಿಲ್ಲ; ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದಿರುತ್ತಾರೆ. ಅವರ ನಂತರ ಈ ಕೆಲಸ ಯಾರು ಮಾಡುತ್ತಾರೆ ಎಂಬುದಕ್ಕೆ ಉತ್ತರವಿಲ್ಲ, ಅದೊಂದೇ ಆತಂಕ.

ಭಾನುವಾರದ ಬಲಿಪೂಜೆ ಒಂದೇ. ಆ ವೇಳೆ ಹೊಂದದವರಿಗೆ ಬೇರೆ ಆಯ್ಕೆಯಿಲ್ಲ. ಗುರುಗಳು ಸಾಮಾನ್ಯವಾಗಿ ದಿನಕ್ಕೊಂದು ಬಲಿಪೂಜೆಯನ್ನಷ್ಟೇ ಅರ್ಪಿಸಬೇಕು. ಗುರುಗಳ ಕೊರತೆಯಿರುವಲ್ಲಿ ಧರ್ಮಾಧ್ಯಕ್ಷರು ಎರಡಕ್ಕೆ, ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಅಗತ್ಯವಿದ್ದರೆ ಮೂರಕ್ಕೆ ಅನುಮತಿ ಕೊಡಬಹುದು. ಎರಡು ದೇವಾಲಯಗಳ ನಡುವೆ ಓಡಾಡುವ ನಮ್ಮ ಗುರುಗಳಿಗೆ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ಈ ಓಟದ ಪರಿಣಾಮ ಪ್ರಬೋಧನೆಯ ಮೇಲೆ ಕಾಣುತ್ತದೆ: ಚಿಕ್ಕದಾಗಿರುತ್ತದೆ, ಕೆಲವೊಮ್ಮೆ ಸಿದ್ಧತೆ ಸಾಲದು, ಆದರೆ ವಿಷಯ ಬಿಟ್ಟು ಹೋಗುವುದಿಲ್ಲ. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಮಾತನಾಡಲು ಅವರಿಗೆ ಸಮಯವಿರುವುದಿಲ್ಲ ಎಂಬುದು ದೊಡ್ಡ ನಷ್ಟ. ಸಮುದಾಯದ ಅರ್ಧ ಕೆಲಸ ನಡೆಯಬೇಕಾದದ್ದು ಆ ಹತ್ತು ನಿಮಿಷಗಳಲ್ಲಿ. ಅವರು ಅನಾರೋಗ್ಯದಿಂದ ಬರಲಾಗದಿದ್ದಾಗ ಉಪದೇಶಕಿಯ ಮುಂದಾಳತ್ವದಲ್ಲಿ ವಾಕ್ಯಾರಾಧನೆ ನಡೆದು, ಹಿಂದಿನ ಪೂಜೆಯಲ್ಲಿ ಪವಿತ್ರೀಕರಿಸಿ ಪರಮಪ್ರಸಾದ ಪೆಟ್ಟಿಗೆಯಲ್ಲಿಟ್ಟದ್ದನ್ನು ಹಂಚಲಾಗುತ್ತದೆ. ಅದು ಬಲಿಪೂಜೆಯಲ್ಲವೆಂದು ಅವರು ಪ್ರತಿ ಬಾರಿಯೂ ಆರಂಭದಲ್ಲೇ ಸ್ಪಷ್ಟಪಡಿಸುತ್ತಾರೆ. ಕೆಲವು ಕಡೆ ಈ ಗೆರೆ ಮಸುಕಾಗಿರುವುದನ್ನು ಕಂಡವನಿಗೆ ಅವರ ಎಚ್ಚರ ಮೆಚ್ಚುಗೆಯಾಯಿತು.

ವಾಚನದ ಬಗ್ಗೆ ದೂರು ಇದೆ. ಪೋಪ್ ಫ್ರಾನ್ಸಿಸ್ ಅವರು 2021ರ ಜನವರಿಯಲ್ಲಿ ಕಾನೂನನ್ನು ತಿದ್ದಿ ವಾಚಕರ ಮತ್ತು ಪೀಠಸೇವಕರ ವಿಧಿವತ್ತಾದ ಸೇವಾಪದವಿಗಳನ್ನು ಮಹಿಳೆಯರಿಗೂ ತೆರೆದರು. ಅದಕ್ಕೂ ಬಹಳ ಮೊದಲಿನಿಂದ ಮಹಿಳೆಯರು ದೇವಾಲಯಗಳಲ್ಲಿ ವಾಚನ ಮಾಡುತ್ತಲೇ ಇದ್ದರು. ಅಂದರೆ ಯಾರು ಓದಬಹುದು ಎಂಬ ಪ್ರಶ್ನೆ ಮುಗಿದಿದೆ. ಯಾರು ಚೆನ್ನಾಗಿ ಓದುತ್ತಾರೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ, ಏಕೆಂದರೆ ಎತ್ತಿದರೆ ಬೇಸರಗೊಳ್ಳುವವರು ಮುಂದಿನ ಬೆಂಚಿನಲ್ಲೇ ಕುಳಿತಿರುತ್ತಾರೆ.

ಪಾಪನಿವೇದನೆಯ ವಿಷಯಕ್ಕೆ ಬರುತ್ತೇನೆ. ಈ ಧರ್ಮಕೇಂದ್ರದ ಸೇವೆಯಲ್ಲಿ ಅತ್ಯಂತ ದುರ್ಬಲವಾದ ಭಾಗ ಇದು, ಮತ್ತು ದೋಷ ಗುರುಗಳದಲ್ಲ. ಫಲಕದಲ್ಲಿ ಬರೆದಿರುವಂತೆ ಭಾನುವಾರ ಬಲಿಪೂಜೆಗೆ ಮುನ್ನ ಕಾಲು ಗಂಟೆ ಪಾಪನಿವೇದನೆಗೆ ಅವಕಾಶ. ಇನ್ನೊಂದು ದೇವಾಲಯದಿಂದ ಗುರುಗಳು ತಲುಪುವುದೇ ಹೆಚ್ಚೂಕಡಿಮೆ ಆ ಹೊತ್ತಿಗೆ. ನಿವೇದನಾ ಪೀಠ ಇರುವುದು ಪಕ್ಕದ ಬಾಗಿಲಿಗೆ ಅಂಟಿಕೊಂಡು. ಎಲ್ಲರೂ ಒಳಬರುವುದು ಆ ಬಾಗಿಲಿನಿಂದ. ಸಾಲಿನಲ್ಲಿ ಯಾರು ನಿಂತಿದ್ದಾರೆ, ಯಾರು ಎಷ್ಟು ಹೊತ್ತು ಒಳಗಿದ್ದರು ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ಗುರುಗಳು ಮತ್ತು ನಿವೇದಕರ ನಡುವೆ ಸ್ಥಿರವಾದ ಜಾಲರಿಯಿರುವ ಪೀಠ ಪ್ರತಿ ದೇವಾಲಯದಲ್ಲೂ ಇರಬೇಕೆಂದು ಕಾನೂನು ಹೇಳುತ್ತದೆ, ನಮ್ಮಲ್ಲಿ ಜಾಲರಿ ಇದೆ. ಆದರೆ ಧ್ವನಿಯಿಂದಲೇ ನನ್ನನ್ನು ಗುರುತಿಸುವವರ ಮುಂದೆ, ಅದೇ ಸಂಜೆ ಸಮಿತಿಯ ಸಭೆಯಲ್ಲಿ ನನ್ನ ಪಕ್ಕದಲ್ಲಿ ಕೂರಲಿರುವವರ ಮುಂದೆ, ಜಾಲರಿ ಏನನ್ನು ಮರೆಮಾಡೀತು?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪಾಪನಿವೇದನೆಯ ಗೌಪ್ಯದ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ. ಅದನ್ನು ನೇರವಾಗಿ ಮುರಿಯುವ ಗುರುಗಳು ಆ ಕ್ಷಣದಲ್ಲೇ ಧರ್ಮಸಭೆಯಿಂದ ಬಹಿಷ್ಕೃತರಾಗುತ್ತಾರೆ, ಆ ಬಹಿಷ್ಕಾರವನ್ನು ತೆಗೆಯುವ ಅಧಿಕಾರ ಪೋಪರ ಆಡಳಿತವಾದ ಪವಿತ್ರ ಪೀಠಕ್ಕೆ ಮೀಸಲು. ಕೇಳಿದ್ದನ್ನು ಹೇಳುವುದಷ್ಟೇ ನಿಷಿದ್ಧವಲ್ಲ. ನಿವೇದನೆಯಿಂದ ತಿಳಿದದ್ದನ್ನು ನಿವೇದಕನಿಗೆ ತೊಡಕಾಗುವಂತೆ ಬಳಸುವುದೂ, ಆಡಳಿತದ ನಿರ್ಧಾರಗಳಲ್ಲಿ ಅದನ್ನು ಆಧಾರವಾಗಿ ತೆಗೆದುಕೊಳ್ಳುವುದೂ ನಿಷಿದ್ಧ. ಭಯ ಇರುವುದು ಅಲ್ಲಲ್ಲ, ಲಜ್ಜೆಯಲ್ಲಿ. ಒಬ್ಬರೇ ಗುರುಗಳಿರುವ ಕಡೆ ಲಜ್ಜೆಯುಳ್ಳವನು ಸಣ್ಣ ಪಾಪಗಳನ್ನು ಹೇಳಿ ದೊಡ್ಡದನ್ನು ನುಂಗುತ್ತಾನೆ, ಇಲ್ಲವೇ ಬರುವುದನ್ನೇ ಬಿಡುತ್ತಾನೆ. ವರ್ಷಕ್ಕೊಮ್ಮೆಯಾದರೂ ಗಂಭೀರ ಪಾಪಗಳನ್ನು ನಿವೇದಿಸಬೇಕೆಂಬ ನಿಯಮ ಧರ್ಮಾಧ್ಯಕ್ಷರು ಸೇರಿದ್ದ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯಿಂದ ಬಂದದ್ದು. ಆಗ ಅದು ಸ್ವಂತ ಧರ್ಮಕೇಂದ್ರದ ಗುರುಗಳ ಬಳಿಯೇ ಆಗಬೇಕಿತ್ತು. ಇಂದಿನ ಕಾನೂನು ಅಷ್ಟು ಬಿಗಿಯಲ್ಲ: ಅಧಿಕಾರ ಪಡೆದ ಯಾವ ಗುರುಗಳ ಬಳಿಯಾದರೂ, ಬೇರೆ ಆರಾಧನಾ ಪದ್ಧತಿಯ ಕಥೋಲಿಕ ಗುರುಗಳಾದರೂ ಸರಿಯೇ, ವಿಶ್ವಾಸಿಯು ತನಗೆ ಬೇಕಾದವರನ್ನು ಆಯ್ದುಕೊಳ್ಳಬಹುದು.

ಈ ಸ್ವಾತಂತ್ರ್ಯವನ್ನು ಕಾರ್ಯರೂಪಕ್ಕೆ ತರುವ ಹೊಣೆ ಧರ್ಮಕೇಂದ್ರದ ಮೇಲಿದೆ. ವರ್ಷದಲ್ಲಿ ಎರಡು ಸಲ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮತ್ತು ಕ್ರಿಸ್ಮಸ್‌ಗೆ ಮುಂಚಿನ ಆಗಮನಕಾಲದಲ್ಲಿ, ನೆರೆಯ ಧರ್ಮಕೇಂದ್ರಗಳಿಂದ ನಾಲ್ಕೈದು ಗುರುಗಳು ಬರುತ್ತಾರೆ. ಒಟ್ಟಾಗಿ ವಾಚನ, ಆತ್ಮಪರಿಶೋಧನೆ ನಡೆದ ಬಳಿಕ ಒಬ್ಬೊಬ್ಬರೂ ತಮಗೆ ಬೇಕಾದವರ ಬಳಿ ಹೋಗಿ ನಿವೇದಿಸುತ್ತಾರೆ. ಆ ಸಂಜೆಗಳಲ್ಲಿ ದೇವಾಲಯ ತುಂಬಿರುತ್ತದೆ, ವರ್ಷವಿಡೀ ನಿವೇದನಾ ಪೀಠದ ಬಳಿ ಕಾಣದ ಮುಖಗಳು ಕಾಣುತ್ತವೆ, ಮತ್ತು ಪರಿಚಯವಿಲ್ಲದ ಗುರುಗಳ ಮುಂದಿನ ಸಾಲು ನಮ್ಮವರ ಮುಂದಿನ ಸಾಲಿಗಿಂತ ಯಾವಾಗಲೂ ಉದ್ದವಾಗಿರುತ್ತದೆ. ಇದನ್ನು ನೋಡಿಯೂ ತಿಂಗಳಿಗೊಮ್ಮೆ ನೆರೆಯ ಗುರುಗಳೊಬ್ಬರೊಂದಿಗೆ ಜಾಗ ಬದಲಿಸಿಕೊಳ್ಳುವ ಸರಳ ಏರ್ಪಾಡನ್ನು ಏಕೆ ಮಾಡಿಲ್ಲ ಎಂಬುದು ನನಗೆ ಅರ್ಥವಾಗಿಲ್ಲ. ಪೀಠವನ್ನು ಇನ್ನೊಂದು ಮೂಲೆಗೆ ಸರಿಸಲು ಬಡಗಿಯೊಬ್ಬನ ಅರ್ಧ ದಿನದ ಕೆಲಸ ಸಾಕು.

ಪ್ರಥಮ ಪರಮಪ್ರಸಾದದ ಸಿದ್ಧತೆ ಅಚ್ಚುಕಟ್ಟಾಗಿದೆ, ಹೆಚ್ಚು ಹೇಳುವುದೇನೂ ಇಲ್ಲ. ಮಕ್ಕಳು ವಿವೇಚನೆಯ ವಯಸ್ಸಿಗೆ, ಅಂದರೆ ಸುಮಾರು ಏಳಕ್ಕೆ ಬಂದರೆ ಸಾಕೆಂದು ಪೋಪ್ ಹತ್ತನೆಯ ಪಿಯೂಸ್ ಅವರು 1910ರಲ್ಲಿ ನಿಶ್ಚಯಿಸಿದ ಮೇಲೂ ತರಗತಿ ತುಂಬಲಿ ಎಂದು ಕಾಯಿಸುವ ಧರ್ಮಕೇಂದ್ರಗಳಿವೆ. ನಮ್ಮಲ್ಲಿ ಇಬ್ಬರೇ ಮಕ್ಕಳಿದ್ದ ವರ್ಷವೂ ತರಗತಿ ನಡೆಯಿತು. ದೃಢೀಕರಣ ಹಾಗಲ್ಲ. ಅದನ್ನು ಸಾಮಾನ್ಯವಾಗಿ ಕೊಡುವವರು ಧರ್ಮಾಧ್ಯಕ್ಷರು, ಅವರು ಇಷ್ಟು ಸಣ್ಣ ಕಡೆಗೆ ಬರುವುದು ಹಲವು ವರ್ಷಗಳಿಗೊಮ್ಮೆ. ಹೀಗಾಗಿ ಹನ್ನೆರಡರ ಹುಡುಗಿಯೂ ಹದಿನೆಂಟರ ಹುಡುಗನೂ ಒಂದೇ ತರಗತಿಯಲ್ಲಿ ಕೂರುತ್ತಾರೆ, ಇಬ್ಬರಿಗೂ ಬೇಸರ. ದೃಢೀಕರಣದ ಫೋಟೊದಲ್ಲಿದ್ದ ಬಹುತೇಕರನ್ನು ಮರುವರ್ಷ ಬೆಂಚಿನಲ್ಲಿ ಹುಡುಕಬೇಕಾಗುತ್ತದೆ. ಈ ದೂರು ಎಲ್ಲ ಗಾತ್ರದ ಧರ್ಮಕೇಂದ್ರಗಳದ್ದೂ ಹೌದಾದ್ದರಿಂದ ಇಲ್ಲಿ ಲಂಬಿಸುವುದಿಲ್ಲ.

ಇನ್ನು ರೋಗಿಗಳ ಅಭ್ಯಂಗ, ಅಂದರೆ ಕಾಯಿಲೆಯವರಿಗೆ ಪವಿತ್ರ ತೈಲ ಹಚ್ಚುವ ಸಂಸ್ಕಾರ. ಇದಕ್ಕಾಗಿಯೇ ಸಣ್ಣ ಧರ್ಮಕೇಂದ್ರವನ್ನು ಆಯ್ದುಕೊಳ್ಳಬಹುದು ಎನ್ನುವಷ್ಟು ಒಳ್ಳೆಯ ಸೇವೆ ಇಲ್ಲಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ ಇದು ಸಾವಿನ ಅಂಚಿನಲ್ಲಿರುವವರಿಗೆ ಮಾತ್ರ ಮೀಸಲಲ್ಲವೆಂದು 1963ರಲ್ಲಿ ಹೇಳಿತು; 1972ರಲ್ಲಿ ಪೋಪ್ ಆರನೆಯ ಪೌಲರು ಹೊಸ ವಿಧಿಯನ್ನು ಅನುಮೋದಿಸಿದರು. ಕಾಯಿಲೆಯಿಂದಲೋ ವೃದ್ಧಾಪ್ಯದಿಂದಲೋ ಅಪಾಯ ಆರಂಭವಾದಾಗಲೇ ಇದನ್ನು ಪಡೆಯಬಹುದು, ಗುಣವಾಗಿ ಮತ್ತೆ ಬಿದ್ದರೆ ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ ಪುನಃ ಪಡೆಯಬಹುದು. ಇಷ್ಟು ದಶಕಗಳ ನಂತರವೂ ಅನೇಕ ಕುಟುಂಬಗಳು ಗುರುಗಳನ್ನು ಕರೆಯಲು ಹೆದರುತ್ತವೆ; ಕರೆದರೆ ಸಾವನ್ನೇ ಕರೆದಂತೆ ಎಂದು ರೋಗಿಗೆ ಅನ್ನಿಸೀತೆಂಬ ಅಂಜಿಕೆ. ಕರೆಯುವ ಹೊತ್ತಿಗೆ ರೋಗಿಗೆ ಪ್ರಜ್ಞೆಯೇ ಇರುವುದಿಲ್ಲ.

ನಮ್ಮ ಧರ್ಮಕೇಂದ್ರ ಈ ಹೆದರಿಕೆಯನ್ನು ಮುರಿದಿರುವುದು ಪ್ರಬೋಧನೆಯಿಂದಲ್ಲ, ಅಭ್ಯಾಸದಿಂದ. ಉಪದೇಶಕಿಯ ಬಳಿ ಮನೆಯಲ್ಲೇ ಇರುವ ವೃದ್ಧರ ಮತ್ತು ರೋಗಿಗಳ ಪಟ್ಟಿಯಿದೆ. ಭಾನುವಾರ ಬಲಿಪೂಜೆಯ ಪರಮಪ್ರಸಾದ ಮುಗಿಯುತ್ತಿದ್ದಂತೆ ಪರಮಪ್ರಸಾದ ಸೇವಕರು ಬಲಿಪೀಠದ ಮುಂದೆ ಬಂದು ನಿಲ್ಲುತ್ತಾರೆ. ಗುರುಗಳು ಅಂಗೈಯಗಲದ ಪುಟ್ಟ ಲೋಹದ ಸಂಪುಟಗಳನ್ನು ಅವರ ಕೈಗಿಡುತ್ತಾರೆ. ಅವರು ಎಲ್ಲಿಯೂ ನಿಲ್ಲದೆ ನೇರವಾಗಿ ಆ ಮನೆಗಳಿಗೆ ಹೋಗುತ್ತಾರೆ. ಯಾರ ಆರೋಗ್ಯ ಹೇಗಿದೆ ಎಂಬ ವರದಿ ಅಂದೇ ಗುರುಗಳಿಗೆ ತಲುಪುತ್ತದೆ. ಆದ್ದರಿಂದ ಅಭ್ಯಂಗಕ್ಕೆಂದು ಗುರುಗಳು ಮನೆಗೆ ಬಂದಾಗ ಅದು ತುರ್ತು ಕರೆಯಾಗಿರುವುದಿಲ್ಲ, ವಾರವಾರದ ಭೇಟಿಗಳ ಮುಂದುವರಿಕೆಯಾಗಿರುತ್ತದೆ. ನನ್ನ ಮನೆಯ ಹಿರಿಯರೊಬ್ಬರಿಗೆ ಅಭ್ಯಂಗ ನಡೆದಾಗ ಹತ್ತಿರದಿಂದ ನೋಡಿದೆ: ಮೌನವಾಗಿ ತಲೆಯ ಮೇಲೆ ಕೈಗಳನ್ನಿಟ್ಟರು, ಸಣ್ಣ ಕುಪ್ಪಿಯಿಂದ ಹೆಬ್ಬೆರಳಿಗೆ ತೈಲ ತೆಗೆದುಕೊಂಡು ಹಣೆಗೆ, ಆಮೇಲೆ ಎರಡೂ ಅಂಗೈಗಳಿಗೆ ಹಚ್ಚಿದರು, ಪ್ರಾರ್ಥನೆಗೆ ನಾವೆಲ್ಲರೂ ಉತ್ತರಿಸಿದೆವು. “ಫಾದರ್, ಇನ್ನೊಂದು ತಿಂಗಳು ಬಿಟ್ಟು ಬನ್ನಿ, ಅಷ್ಟರೊಳಗೆ ಹೋಗುವವಳಲ್ಲ” ಎಂದು ಅವರು ನಕ್ಕರು. “ಬರುತ್ತೇನಮ್ಮ” ಎಂದ ಗುರುಗಳು ಮಾತಿನಂತೆ ಬಂದರು ಕೂಡ.

ಒಂದು ಮಿತಿಯನ್ನು ಹೇಳಲೇಬೇಕು. ಪರಮಪ್ರಸಾದವನ್ನು ಸೇವಕರು ಒಯ್ಯಬಹುದು, ಅಭ್ಯಂಗವನ್ನು ಗುರುಗಳೇ ಮಾಡಬೇಕು. ರಾತ್ರಿ ಯಾರಿಗಾದರೂ ವಿಷಮಿಸಿದರೆ ಮತ್ತು ಗುರುಗಳು ಇನ್ನೊಂದು ದೇವಾಲಯದಲ್ಲಿದ್ದರೆ ಕಾಯಬೇಕು. ಅಂಥ ಸಂದರ್ಭದಲ್ಲಿ ಕರೆಯಬಹುದಾದ ನೆರೆಯ ಗುರುಗಳ ದೂರವಾಣಿ ಸಂಖ್ಯೆಯನ್ನು ಬಾಗಿಲಿಗೆ ಅಂಟಿಸಿದ್ದರೆ ಒಳ್ಳೆಯದಿತ್ತು.

ಮರಣದ ಸಂದರ್ಭದಲ್ಲಿ ಈ ಸಮುದಾಯಕ್ಕೆ ಸರಿಸಾಟಿಯಿಲ್ಲ. ದೊಡ್ಡ ಧರ್ಮಕೇಂದ್ರದ ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಗುರುಗಳು ಕೈಯಲ್ಲಿದ್ದ ಚೀಟಿ ನೋಡಿ ಮೃತರ ಹೆಸರು ಹೇಳಿದ್ದನ್ನು ನಾನು ಕೇಳಿದ್ದೇನೆ. ಇಲ್ಲಿ ಚೀಟಿ ಬೇಕಾಗುವುದಿಲ್ಲ. ವಾಚನ, ಗಾಯನ, ಹೊರುವುದು, ಮನೆಯವರ ಜೊತೆಗಿರುವುದು ಎಲ್ಲಕ್ಕೂ ಜನ ತಾವಾಗಿ ಮುಂದಾಗುತ್ತಾರೆ. ಭಾನುವಾರಗಳಂದು ಕಾಣದವರೂ ಅಂದು ಬಂದಿರುತ್ತಾರೆ. ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಮರಣದ ದಾಖಲೆ ಪುಸ್ತಕದಿಂದ ಆ ವರ್ಷದ ಹೆಸರುಗಳನ್ನು ಓದುತ್ತಾರೆ.

ಮದುವೆಯ ಸಿದ್ಧತೆಗೆ ನಮ್ಮಲ್ಲಿ ಜೋಡಿಗಳು ಸಾಲದ ಕಾರಣ ಹಲವು ಧರ್ಮಕೇಂದ್ರಗಳು ಸೇರಿ ನಡೆಸುವ ತರಗತಿಗೆ ಕಳುಹಿಸುತ್ತಾರೆ. ಅದು ಒಳ್ಳೆಯದೇ. ಗುರುಗಳು ವಧುವರರನ್ನು ಪ್ರತ್ಯೇಕವಾಗಿ ಕೂರಿಸಿ, ಒತ್ತಾಯವಿಲ್ಲದೆ ಒಪ್ಪಿದ್ದಾರೆಯೇ, ಜೀವನಪರ್ಯಂತದ ಬಂಧ ಎಂದರೇನೆಂದು ತಿಳಿದಿದ್ದಾರೆಯೇ ಎಂದು ವಿಚಾರಿಸುವ ಭಾಗವನ್ನು ಮಾತ್ರ ಇಲ್ಲಿಯೇ, ಅವಸರವಿಲ್ಲದೆ ಮಾಡುತ್ತಾರೆ. ಧರ್ಮಕೇಂದ್ರದ ಗುರುಗಳು ಅಥವಾ ಅವರು ನೇಮಿಸಿದವರು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಮದುವೆ ನಡೆಯಬೇಕೆಂಬ ನಿಯಮವನ್ನು ಟ್ರೆಂಟ್ ಮಹಾಸಭೆ 1563ರಲ್ಲಿ ತಂದದ್ದು ಗುಟ್ಟಿನ ಮದುವೆಗಳನ್ನು ತಡೆಯಲು. ಸಣ್ಣ ಧರ್ಮಕೇಂದ್ರದಲ್ಲಿ ಗುಟ್ಟಿನ ಮದುವೆ ಹೇಗೂ ಸಾಧ್ಯವಿಲ್ಲ ಬಿಡಿ.

ಆದರೆ ಮದುವೆ ಮುರಿದವರಿಗೆ ಇಲ್ಲಿ ನೆಲೆ ಕಷ್ಟ. ತಮ್ಮ ಮದುವೆ ಆರಂಭದಿಂದಲೇ ಸಿಂಧುವಾಗಿರಲಿಲ್ಲ ಎಂದು ಧರ್ಮಸಭೆಯ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕುವ ಹಕ್ಕು ದಂಪತಿಗಳಿಗಿದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಈ ಪ್ರಕ್ರಿಯೆಯನ್ನು ಸರಳಗೊಳಿಸಿ, ಎರಡು ನ್ಯಾಯಮಂಡಳಿಗಳಿಂದ ಒಂದೇ ಬಗೆಯ ತೀರ್ಪು ಬರಬೇಕೆಂಬ ಹಳೆಯ ಷರತ್ತನ್ನು ತೆಗೆದುಹಾಕಿದರು. ಇದರ ಬಗ್ಗೆ ನಮ್ಮ ಕಚೇರಿಯಲ್ಲಿ ಒಂದು ಹಾಳೆಯೂ ಇಲ್ಲ. ಕೇಳಬೇಕೆಂದರೆ ಕಚೇರಿಯಲ್ಲಿ ಕುಳಿತಿರುವ ನೆರೆಮನೆಯ ಹಿರಿಯರನ್ನೇ ಕೇಳಬೇಕು. ದೊಡ್ಡ ಧರ್ಮಕೇಂದ್ರದಲ್ಲಿ ಇಂಥವರು ಕೊನೆಯ ಸಾಲಿನಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತು ಪೂಜೆಯಲ್ಲಿ ಭಾಗವಹಿಸಬಹುದಿತ್ತು. ಇಲ್ಲಿ ಅವರು ಪರಮಪ್ರಸಾದದ ಸಾಲಿಗೆ ಏಳುತ್ತಾರೆಯೇ ಇಲ್ಲವೇ ಎಂದು ನೋಡುವ ಕಣ್ಣುಗಳಿವೆ. ನೋಡುವವರು ಕೆಟ್ಟವರಲ್ಲ, ಅದೇ ಜನ ರೋಗಿಗಳ ಮನೆಗೆ ಹೋಗುವವರು. ಆದರೂ ಒಂದು ಕುಟುಂಬ ಈ ಕಾರಣಕ್ಕಾಗಿಯೇ ಬೇರೆ ಧರ್ಮಕೇಂದ್ರಕ್ಕೆ ಹೋಗತೊಡಗಿದೆ ಎಂಬುದನ್ನು ಬರೆಯದೆ ಬಿಟ್ಟರೆ ಈ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ.

ಹಣದ ವಿಷಯ. ಅಧಿಕಾರಿಗಳು ಗೊತ್ತುಪಡಿಸಿದ ಕಾಣಿಕೆಗಿಂತ ಹೆಚ್ಚಿನದನ್ನು ಸಂಸ್ಕಾರಗಳಿಗಾಗಿ ಕೇಳಕೂಡದು, ಬಡತನದ ಕಾರಣದಿಂದ ಯಾರೂ ಸಂಸ್ಕಾರಗಳಿಂದ ವಂಚಿತರಾಗಕೂಡದು ಎಂದು ಕಾನೂನು ನೇರವಾಗಿ ಹೇಳಿದೆ. ಕಾಣಿಕೆಯು ಕೊಡುವವರ ಇಚ್ಛೆಗೆ ಬಿಟ್ಟದ್ದು, ಬೆಲೆಯೋ ತೆರಿಗೆಯೋ ಅಲ್ಲವೆಂದು ಧರ್ಮಕೇಂದ್ರಗಳ ಕುರಿತು 2020ರಲ್ಲಿ ವ್ಯಾಟಿಕನ್ ಹೊರಡಿಸಿದ ನಿರ್ದೇಶನವೂ ಒತ್ತಿ ಹೇಳಿತು. ನಮ್ಮ ಗುರುಗಳು ಇದನ್ನು ಅಕ್ಷರಶಃ ಪಾಲಿಸುತ್ತಾರೆ, ಕಾಣಿಕೆಯ ಮಾತನ್ನು ತಾವಾಗಿ ಎತ್ತುವುದೇ ಇಲ್ಲ. ಆದರೆ ಕೊಟ್ಟದ್ದರ ಲೆಕ್ಕ ಕಾಣುವುದಿಲ್ಲ. ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರಕ್ಕೂ ಕಡ್ಡಾಯ. ಪಾಲನಾ ಪರಿಷತ್ತು ಧರ್ಮಾಧ್ಯಕ್ಷರು ಸೂಕ್ತವೆಂದು ಕಂಡರೆ ಮಾತ್ರ, ಅದೂ ಸಲಹೆ ಕೊಡಲಷ್ಟೇ. ನಮ್ಮಲ್ಲಿ ಎರಡೂ ಇವೆ, ಎರಡರಲ್ಲೂ ಅದೇ ಆರು ಜನ. ವಿಶ್ವಾಸಿಗಳು ಕೊಟ್ಟ ಹಣದ ಲೆಕ್ಕವನ್ನು ಅವರ ಮುಂದೆ ಇಡಬೇಕೆಂಬ ನಿಯಮವಿದ್ದರೂ ಅದನ್ನು ವರ್ಷಕ್ಕೊಮ್ಮೆ ಪ್ರಕಟಣೆಗಳ ನಡುವೆ ಅವಸರವಾಗಿ ಓದಿಬಿಡುತ್ತಾರೆ. ಯಾರ ಪ್ರಾಮಾಣಿಕತೆಯನ್ನೂ ನಾನು ಶಂಕಿಸುತ್ತಿಲ್ಲ. “ನಮ್ಮವರೇ ತಾನೆ” ಎಂಬ ಸಲಿಗೆಯಿಂದ ಕಾಗದಪತ್ರದ ಶಿಸ್ತು ಸಡಿಲವಾಗಿದೆ ಎನ್ನುತ್ತಿದ್ದೇನೆ. ಜ್ಞಾನಸ್ನಾನದ ಪುಸ್ತಕಕ್ಕೆ ಸಿಗುವ ನಿಷ್ಠೆ ಜಮಾಖರ್ಚಿನ ಪುಸ್ತಕಕ್ಕೂ ಸಿಗಬೇಕು.

ಇಂಥ ಧರ್ಮಕೇಂದ್ರಕ್ಕೆ ಹೊಸದಾಗಿ ಬರುವವರಿಗೆ ಕೆಲವು ಮಾತು. ಸ್ವಾಗತ ಸಮಿತಿ ಎಂಬುದಿಲ್ಲ. ಮೊದಲ ಕೆಲವು ಭಾನುವಾರ ಎಲ್ಲರೂ ನಿಮ್ಮನ್ನು ನೋಡುತ್ತಾರೆ, ಯಾರೂ ಮಾತನಾಡಿಸುವುದಿಲ್ಲ. ಗಾಯನ ವೃಂದಕ್ಕೋ ದೇವಾಲಯ ಶುಚಿಗೊಳಿಸುವ ಸರದಿಗೋ ಹೆಸರು ಕೊಟ್ಟರೆ ಆ ಗೋಡೆ ಬಹಳ ಬೇಗ ಬೀಳುತ್ತದೆ. ಮನೆಯಲ್ಲಿ ವೃದ್ಧರೋ ರೋಗಿಗಳೋ ಇದ್ದರೆ ಮೊದಲ ದಿನವೇ ಉಪದೇಶಕಿಗೆ ತಿಳಿಸಿ, ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ. ಪಾಪನಿವೇದನೆಗೆ ಬೇರೆ ಕಡೆ ಹೋಗುವುದಾದರೆ ಯಾವ ಅಳುಕೂ ಇಲ್ಲದೆ ಹೋಗಿ, ಗುರುಗಳು ಅದನ್ನು ತಪ್ಪೆಂದು ಎಣಿಸುವವರಲ್ಲ. ಕಚೇರಿಗೆ ಹೋಗುವ ಮುನ್ನ ಫೋನ್ ಮಾಡಿ, ಏಕೆಂದರೆ ಫಲಕದಲ್ಲಿ ಬರೆದಿರುವ ಸಮಯ ಹಿಂದಿನ ಗುರುಗಳ ಕಾಲದ್ದು.